ಎಟಿಆರ್‌ನಿಂದ ಏರ್‌ಬಸ್‌ಗೆ: ಹಳೆಯ ಕೈ ಅಭ್ಯಾಸ ಬಿಡಿಸಿಕೊಳ್ಳುವುದು ಹೇಗೆ?

ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಹತ್ತುವ ವಿಮಾನ ಸಾಮಾನ್ಯವಾಗಿ ಎಟಿಆರ್ 72. ಎರಡು ಪ್ರೊಪೆಲ್ಲರ್, ಎಪ್ಪತ್ತರ ಆಸುಪಾಸು ಸೀಟು. ಸುಮಾರು 1,740 ಮೀಟರ್ ಉದ್ದದ ನಮ್ಮ ರನ್‌ವೇಗೆ ಹೇಳಿ ಮಾಡಿಸಿದಂಥ ವಿಮಾನ ಅದು. ಅದನ್ನು ಹಾರಿಸುವ ಯುವ ಪೈಲಟ್‌ಗಳಲ್ಲಿ ಹಲವರಿಗೆ ಒಂದು ದಿನ ಕಂಪನಿಯಿಂದ ಮೇಲ್ ಬರುತ್ತದೆ. ಇಂಥ ತಾರೀಖಿನಿಂದ ಏರ್‌ಬಸ್ ಎ320 ಜೆಟ್‌ನ ಗ್ರೌಂಡ್ ಸ್ಕೂಲ್ (ಹಾರುವ ಮುಂಚಿನ ತರಗತಿ ಪಾಠ) ಅಂತ. ಮನೆಯವರಿಗೆಲ್ಲ ಖುಷಿ. ಪೈಲಟ್‌ಗೆ ಖುಷಿಯ ಜೊತೆ ಸ್ವಲ್ಪ ದಿಗಿಲು. ಈ ಲೇಖನ ಅವರಿಗಾಗಿ.

ಹೊಸ ವಿಮಾನದ ಪಾಠ ಓದುವುದು ಅಂಥ ಕಷ್ಟವೇನಲ್ಲ. ಇಲ್ಲಿಯವರೆಗೆ ಬಂದವರಿಗೆ ಓದಿ ಪರೀಕ್ಷೆ ಪಾಸಾಗುವುದು ಗೊತ್ತೇ ಇರುತ್ತದೆ. ಕಷ್ಟ ಇರುವುದು ಹಳೆಯದನ್ನು ಬಿಡುವುದರಲ್ಲಿ. ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ ಓಡಿಸಿ, ಆಮೇಲೆ ಹಳೇ ಬುಲೆಟ್ ಹತ್ತಿದವರನ್ನು ಕೇಳಿ. ಜಾವಾದ ಬ್ರೇಕ್ ಬಲಗಾಲಿಗೆ. ಹಳೇ ಬುಲೆಟ್‌ನಲ್ಲಿ ಬಲಗಾಲಿಗೆ ಸಿಗುವುದು ಗೇರ್. ಖಾಲಿ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಎದುರಿಗೆ ಹಸು ಬಂದಾಗ ಬಲಗಾಲು ತಾನಾಗಿ ಒತ್ತಿಬಿಡುತ್ತದೆ! ಕಾಕ್‌ಪಿಟ್‌ನಲ್ಲೂ ಹೀಗೇ. ಗಾಬರಿಯಾದಾಗ, ಸುಸ್ತಾದಾಗ ಕೈ ಹಳೆಯ ವಿಮಾನಕ್ಕೆ ಮರಳುತ್ತದೆ.

ಮೊದಲು ಒಂದು ಪಟ್ಟಿ ಬರೆಯಿರಿ

ಗ್ರೌಂಡ್ ಸ್ಕೂಲ್ ಶುರುವಾಗುವ ಮುಂಚೆಯೇ ಇದನ್ನು ಮಾಡಿ. ಈಗಿನ ವಿಮಾನದಲ್ಲಿ ನೀವು ಯೋಚಿಸದೆ ಮಾಡುವ ಕೆಲಸಗಳನ್ನೆಲ್ಲ ಬರೆದುಕೊಳ್ಳಿ. ಕೈ ಎಲ್ಲಿರುತ್ತದೆ, ಕಾಲು ಯಾವಾಗ ಒತ್ತುತ್ತದೆ, ಕಿವಿ ಯಾವ ಸದ್ದಿಗೆ ಕಾಯುತ್ತದೆ, ಎಲ್ಲವೂ ಬರಲಿ. ಪಕ್ಕದಲ್ಲಿ ಹೊಸ ವಿಮಾನದಲ್ಲಿ ಏನು ಅಂತ ಜಾಗ ಬಿಡಿ. ಪಾಠ ನಡೆದ ಹಾಗೆ ಅದನ್ನು ತುಂಬಿ.

ಎಟಿಆರ್‌ನವರ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಎಂಜಿನ್ ಶಕ್ತಿ ಏರಿಸಿ ಇಳಿಸುವ ಪವರ್ ಲಿವರ್. ಎಟಿಆರ್‌ನಲ್ಲಿ ಆಟೋಥ್ರಾಟಲ್, ಅಂದರೆ ಎಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವ ವ್ಯವಸ್ಥೆ, ಇಲ್ಲ. ವೇಗ ಕಾಯುವುದು ನಿಮ್ಮ ಕೈ. ಎ320ಯಲ್ಲಿ ಲಿವರ್‌ಗಳನ್ನು ಕ್ಲೈಂಬ್ ಜಾಗದಲ್ಲಿ ಇಟ್ಟರೆ ಆಮೇಲೆ ಆಟೋಥ್ರಸ್ಟ್ (ಏರ್‌ಬಸ್‌ನಲ್ಲಿ ಆಟೋಥ್ರಾಟಲ್‌ಗೆ ಇರುವ ಹೆಸರು) ನೋಡಿಕೊಳ್ಳುತ್ತದೆ. ಎಂಜಿನ್ ಏರಿದರೂ ಇಳಿದರೂ ಲಿವರ್ ಮಾತ್ರ ಅಲುಗಾಡುವುದಿಲ್ಲ. ಅಂದರೆ ಕೈಗೆ ಸುದ್ದಿ ಬರುವುದಿಲ್ಲ, ಕಣ್ಣೇ ಹೋಗಿ ನೋಡಬೇಕು. ಬೋಯಿಂಗ್ 737ನಿಂದ ಬರುವವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಅಲ್ಲಿ ಆಟೋಥ್ರಾಟಲ್ ಇದ್ದರೂ ಲಿವರ್ ಕೈಯಡಿಯಲ್ಲೇ ಚಲಿಸುತ್ತದೆ.

ಎರಡನೆಯದು ಟ್ರಿಮ್ (ಕಂಟ್ರೋಲ್ ಒತ್ತಿ ಹಿಡಿಯದೆಯೂ ವಿಮಾನ ಅದೇ ಭಂಗಿಯಲ್ಲಿ ನಿಲ್ಲುವಂತೆ ಹೊಂದಿಸುವುದು) ಮತ್ತು ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ). ಎಟಿಆರ್‌ನಲ್ಲಿ ಪವರ್ ಬದಲಿಸಿದಾಗಲೆಲ್ಲ ಮೂಗು ಪಕ್ಕಕ್ಕೆ ಹೋಗುತ್ತದೆ, ಕಾಲು ಸರಿಪಡಿಸುತ್ತದೆ, ಹೆಬ್ಬೆರಳು ಟ್ರಿಮ್ ಒತ್ತುತ್ತದೆ. ಎ320 ಹಾರುವಾಗ ತಾನೇ ಟ್ರಿಮ್ ಮಾಡಿಕೊಳ್ಳುತ್ತದೆ. ಸೈಡ್‌ಸ್ಟಿಕ್ ಎಂಬ ಪಕ್ಕದ ಚಿಕ್ಕ ಹಿಡಿಕೆಯನ್ನು ಸ್ವಲ್ಪ ಅಲ್ಲಾಡಿಸಿ, ಬೇಕಾದ ಭಂಗಿ ಬಂದಮೇಲೆ ಬಿಟ್ಟುಬಿಡಬೇಕು. ಹೊಸಬರು ಬಿಡುವುದಿಲ್ಲ, ಕಲಸುತ್ತಲೇ ಇರುತ್ತಾರೆ. ವಿಮಾನ ಓಲಾಡುತ್ತಿದೆ ಅಂದರೆ ಬಹಳ ಸಲ ಕಾರಣ ನಿಮ್ಮ ಕೈಯೇ.

ಮೂರನೆಯದು ಇಳಿಯುವ ಲೆಕ್ಕ. ಪವರ್ ಐಡಲ್‌ಗೆ, ಅಂದರೆ ಅತಿ ಕಡಿಮೆ ಮಟ್ಟಕ್ಕೆ, ತಂದರೆ ಎಟಿಆರ್‌ನ ಪ್ರೊಪೆಲ್ಲರ್‌ಗಳೇ ಬ್ರೇಕ್ ಹಾಕಿದ ಹಾಗೆ ತಡೆಯುತ್ತವೆ. ಜೆಟ್ ಹಾಗಲ್ಲ, ಐಡಲ್‌ನಲ್ಲೂ ಜಾರುತ್ತಲೇ ಹೋಗುತ್ತದೆ. ಒಂದೇ ಹೊತ್ತಿಗೆ ಕೆಳಗೂ ಇಳಿ, ನಿಧಾನವೂ ಆಗು ಅಂದರೆ ಅದು ಕೇಳುವುದಿಲ್ಲ. ಸರಳ ಲೆಕ್ಕ ಇಟ್ಟುಕೊಳ್ಳಿ: ಇಳಿಯಬೇಕಾದ ಎತ್ತರವನ್ನು ಸಾವಿರ ಅಡಿಯಲ್ಲಿ ತೆಗೆದುಕೊಂಡು 3ರಿಂದ ಗುಣಿಸಿ. 10,000 ಅಡಿ ಇಳಿಯಲು ಸುಮಾರು 30 ನಾಟಿಕಲ್ ಮೈಲಿ. ವೇಗ ತಗ್ಗಿಸಲು ಇದರ ಮೇಲೆ ಇನ್ನಷ್ಟು ದೂರ ಬೇಕು. ಸಮತಟ್ಟಾಗಿ ಹಾರುವಾಗ 10 ನಾಟ್ ತಗ್ಗಿಸಲು ಸುಮಾರು ಒಂದು ಮೈಲಿ ಅಂತ ಹಿಡಿಯಿರಿ. ಹಿಂದಿನಿಂದ ಗಾಳಿ ಇದ್ದರೆ ಇನ್ನೂ ಬೇಗ ಇಳಿಯಲು ಶುರು ಮಾಡಿ.

ಎಫ್‌ಎಂಎ ಓದುವ ಅಭ್ಯಾಸ

ಈ ಲೇಖನದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಎಫ್‌ಎಂಎ ಅಂದರೆ ಆಟೋಪೈಲಟ್, ಆಟೋಥ್ರಸ್ಟ್ ಈಗ ಯಾವ ಮೋಡ್‌ನಲ್ಲಿವೆ ಎಂದು ತೋರಿಸುವ ಸಾಲು.

1990ರ ಫೆಬ್ರುವರಿ 14. ಬಾಂಬೆಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದ ನೆಲಕ್ಕೆ ತಗುಲಿತು. 146 ಜನರಲ್ಲಿ 92 ಜನ ತೀರಿಕೊಂಡರು. ವಿಮಾನ ಎ320, ಆಗ ನಮ್ಮ ದೇಶಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಎಂಜಿನ್‌ಗಳು ಓಪನ್ ಡಿಸೆಂಟ್ (ಎಂಜಿನ್ ಐಡಲ್‌ನಲ್ಲಿಟ್ಟು ಇಳಿಯುವ) ಮೋಡ್‌ನಲ್ಲಿ ಐಡಲ್‌ನಲ್ಲೇ ಉಳಿದಿದ್ದವು. ಆ ಮೋಡ್‌ನಲ್ಲಿ ವೇಗ ಕಾಯುವುದು ಆಟೋಥ್ರಸ್ಟ್‌ನ ಕೆಲಸ ಅಲ್ಲ, ಮೂಗು ಏರಿಳಿಸಿ ಕಾಯಬೇಕು. ವೇಗ ಬೀಳುತ್ತಾ ಹೋಯಿತು. ಲಿವರ್ ಮುಂದೆ ತಳ್ಳುವ ಹೊತ್ತಿಗೆ ತಡವಾಗಿತ್ತು.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214ಕ್ಕೂ ಇಂಥದ್ದೇ ಆಯಿತು. ಹಾರಿಸುತ್ತಿದ್ದ ಕ್ಯಾಪ್ಟನ್ ಎ320ಯಿಂದ ಬೋಯಿಂಗ್ 777ಗೆ ಬದಲಾಗುತ್ತಿದ್ದವರು. ಆಟೋಥ್ರಾಟಲ್ ವೇಗ ಕಾಯುತ್ತದೆ ಎಂದುಕೊಂಡಿದ್ದರು. ಅದು ಹೋಲ್ಡ್‌ನಲ್ಲಿತ್ತು, ಅಂದರೆ ಲಿವರ್ ಅಲುಗಿಸುತ್ತಿರಲಿಲ್ಲ. ಮೂವರು ಸತ್ತರು.

ಎರಡೂ ಕಡೆ ಇದ್ದವರು ಹೊಸ ಹುಡುಗರಲ್ಲ, ಸಾವಿರಾರು ಗಂಟೆ ಹಾರಿದವರು. ಅದಕ್ಕೇ ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಹಾಗಾಗಿ ಮುಂದಿನ ಪರದೆಯ ಮೇಲ್ತುದಿಯಲ್ಲಿ ಇರುವ ಎಫ್‌ಎಂಎ ಸಾಲನ್ನು ಪ್ರತಿ ಬದಲಾವಣೆಗೂ ಜೋರಾಗಿ ಓದಿ. ಗುಂಡಿ ಒತ್ತಿದೆ ಅಂದರೆ ಮೋಡ್ ಬಂತು ಅಂತಲ್ಲ. ಪರದೆ ಹೇಳಿದಾಗ ಮಾತ್ರ ಬಂತು. ಓದಿದ ಮೇಲೆ ಪ್ರತಿ ಸಲ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ವೇಗ ಕಾಯುತ್ತಿರುವುದು ಎಂಜಿನ್ನೋ, ಮೂಗೋ? ಉತ್ತರ ಥಟ್ಟನೆ ಬರಲಿಲ್ಲವೆಂದರೆ ಆಟೋಥ್ರಸ್ಟ್ ತೆಗೆದು ನೀವೇ ಹಾರಿಸಿ, ಅದು ನಿಮಗೆ ಚೆನ್ನಾಗಿ ಗೊತ್ತಿರುವ ಕೆಲಸ.

ಮನೆಯಲ್ಲಿ ಕೂತು ಹಾರಿಸಿ

ಕಾಕ್‌ಪಿಟ್ ಚಿತ್ರದ ದೊಡ್ಡ ಪೋಸ್ಟರ್ ಸಿಗುತ್ತದೆ. ಗೋಡೆಗೆ ಅಂಟಿಸಿ, ಮುಂದೆ ಕುರ್ಚಿ ಹಾಕಿ. ಫ್ಲೋ (ಸ್ವಿಚ್‌ಗಳನ್ನು ಕ್ರಮವಾಗಿ ನೋಡಿಕೊಂಡು ಹೋಗುವುದು) ಮಾಡುವಾಗ ಕೈ ನಿಜವಾಗಿ ಆ ಜಾಗಕ್ಕೆ ಹೋಗಬೇಕು, ಬಾಯಿ ಕಾಲ್‌ಔಟ್ ಹೇಳಬೇಕು. ಸುಮ್ನೆ ಕಣ್ಣಲ್ಲಿ ಓದಿದ್ದು ಸಿಮ್ಯುಲೇಟರ್‌ನಲ್ಲಿ ಕೈಗೆ ಬರುವುದಿಲ್ಲ. ಕುವೆಂಪುನಗರದ ಮನೆಯಲ್ಲಿ ಮಗಳು ಗೋಡೆಯ ಹತ್ತಿರ ಒಬ್ಬಳೇ ಮಾತಾಡುತ್ತಿದ್ದರೆ ಅಮ್ಮನಿಗೆ ಆತಂಕ ಆಗಬಾರದಲ್ವಾ? ಮೊದಲೇ ಹೇಳಿಡಿ. ಚೆಕ್‌ಲಿಸ್ಟ್ ಅವರ ಕೈಗೆ ಕೊಟ್ಟು ಓದಿಸಿದರೆ ಇನ್ನೂ ಒಳ್ಳೆಯದು. ತಪ್ಪಿದಾಗ ಅಮ್ಮಂದಿರು ಬಿಡುವುದಿಲ್ಲ. ಮೆಮೊರಿ ಐಟಂಗಳನ್ನು (ತುರ್ತಿನಲ್ಲಿ ಪುಸ್ತಕ ನೋಡದೆ ಮಾಡಬೇಕಾದ ಕೆಲಸಗಳನ್ನು) ಕುಕ್ಕರಹಳ್ಳಿ ಕೆರೆ ಸುತ್ತುವಾಗ ಹೇಳಿಕೊಳ್ಳಿ, ನಡೆಯುತ್ತಾ ಬಾಯಿಗೆ ಬಂದದ್ದು ಗಟ್ಟಿಯಾಗಿ ನಿಲ್ಲುತ್ತದೆ.

ಪುಸ್ತಕಗಳ ವಿಷಯ ಚಿಕ್ಕದು. ನಿಮ್ಮ ಕಂಪನಿಯ ಎಫ್‌ಸಿಒಎಂ (ವಿಮಾನ ನಡೆಸುವ ಕೈಪಿಡಿ), ಎಫ್‌ಸಿಟಿಎಂ (ತರಬೇತಿ ಕೈಪಿಡಿ), ಕ್ಯೂಆರ್‌ಎಚ್ (ತುರ್ತಿಗೆ ತೆಗೆದು ನೋಡುವ ಕೈಪಿಡಿ), ಎಸ್‌ಒಪಿ (ಕೆಲಸ ಮಾಡುವ ನಿಗದಿತ ಕ್ರಮ) ಇಷ್ಟೇ ಸಾಕು. ಲಿಮಿಟೇಶನ್ ಮೊದಲು, ಆಮೇಲೆ ಸಿಸ್ಟಂ. ಸೀನಿಯರ್ ಕೊಟ್ಟ ಹಳೆಯ ನೋಟ್ಸ್‌ನಲ್ಲಿ ತಿದ್ದುಪಡಿಗಳು ಇರುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಸಿಮ್ಯುಲೇಟರ್ ದಿನಗಳು

ಸಿಮ್ಯುಲೇಟರ್ ಬೆಂಗಳೂರಿನಲ್ಲಿ ಸಿಕ್ಕರೆ ಎಕ್ಸ್‌ಪ್ರೆಸ್‌ವೇ ಇದೆ ಅಂತ ಮೈಸೂರಿನಿಂದ ಓಡಾಡಬೇಡಿ. ಸ್ಲಾಟ್ ನಡುರಾತ್ರಿಯೂ ಇರಬಹುದು. ಹತ್ತಿರದಲ್ಲೇ ರೂಮ್ ಮಾಡಿ, ನಿದ್ದೆ ಮಾಡಿ. ಜೊತೆಗಾರರೊಂದಿಗೆ ಹಿಂದಿನ ದಿನವೇ ಕೂತು ಮರುದಿನದ ಪಾಠ ಒಮ್ಮೆ ಬಾಯಲ್ಲಿ ಹಾರಿಸಿ.

ಎಂಜಿನ್ ಕೆಟ್ಟ ಪಾಠದಲ್ಲಿ ಅವಸರ ಬೇಡ. 2015ರ ಫೆಬ್ರುವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷಿಯಾ 235ರ ಎಟಿಆರ್ 72-600 ಮೇಲೆದ್ದ ಸ್ವಲ್ಪ ಹೊತ್ತಿಗೆ ಎರಡನೇ ಎಂಜಿನ್‌ನ ಪ್ರೊಪೆಲ್ಲರ್ ತಾನಾಗಿ ಫೆದರ್ ಆಯಿತು, ಅಂದರೆ ಅಲಗುಗಳು ಗಾಳಿಗೆ ಅಡ್ಡವಾಗದಂತೆ ತಿರುಗಿ ಎಳೆತ ನಿಂತಿತು. ಪೈಲಟ್ ಬಂದ್ ಮಾಡಿದ್ದು ಸರಿಯಿದ್ದ ಒಂದನೇ ಎಂಜಿನ್ನನ್ನು. 43 ಜನ ಸತ್ತರು. ಯಾವುದೇ ವಿಮಾನವಿರಲಿ, ಮೊದಲು ಹಾರಿಸಿ. ಸುರಕ್ಷಿತ ಎತ್ತರ ಬಂದಮೇಲೆ ಯಾವ ಎಂಜಿನ್ ಎಂದು ಇಬ್ಬರೂ ಹೇಳಿ, ಬೆರಳಿಟ್ಟು ತೋರಿಸಿ, ಖಚಿತವಾದ ಮೇಲೆ ಲಿವರ್ ಮುಟ್ಟಿ.

ಲ್ಯಾಂಡಿಂಗ್‌ನಲ್ಲಿ ಎ320 ತನ್ನದೇ ಆಟ ಆಡುತ್ತದೆ. 50 ಅಡಿಯಲ್ಲಿ ಅದರ ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವ ಹಂತ) ಮೋಡ್ ಶುರುವಾಗುತ್ತದೆ, 30 ಅಡಿಯಿಂದ ಮೂಗನ್ನು ಮೆಲ್ಲಗೆ ಕೆಳಗೆ ತರುತ್ತದೆ. ನೀವು ಸೈಡ್‌ಸ್ಟಿಕ್ ಹಿಂದಕ್ಕೆ ಎಳೆಯಲೇಬೇಕು ಎಂದೇ ಹಾಗೆ ಮಾಡಿದ್ದಾರೆ. ‘ರಿಟಾರ್ಡ್’ ಎಂಬ ದನಿ ಬಂದಾಗ ಲಿವರ್ ಐಡಲ್‌ಗೆ ತನ್ನಿ. ಎಟಿಆರ್‌ನಂತೆ ಇಲ್ಲಿ ಪವರ್ ತೆಗೆದ ಕೂಡಲೇ ವಿಮಾನ ಕುಸಿಯುವುದಿಲ್ಲ. ನೆಲ ಹುಡುಕುತ್ತಾ ತೇಲಿಸಲು ಹೋದರೆ ರನ್‌ವೇ ಓಡಿಹೋಗುತ್ತದೆ.

ಪಕ್ಕದವರ ಸೈಡ್‌ಸ್ಟಿಕ್ ಏನು ಮಾಡುತ್ತಿದೆ ಅಂತ ನಿಮ್ಮ ಕೈಗೆ ಗೊತ್ತಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಅಲ್ಲಾಡಿಸಿದರೆ ‘ಡ್ಯುಯಲ್ ಇನ್‌ಪುಟ್’ ಎಂದು ವಿಮಾನವೇ ಕೂಗುತ್ತದೆ. ಆದ್ದರಿಂದ ನಿಯಂತ್ರಣ ಕೊಡುವಾಗ, ತೆಗೆದುಕೊಳ್ಳುವಾಗ ಬಾಯಿ ಬಿಟ್ಟು ಹೇಳಿ. ತುರ್ತಿದ್ದರೆ ಟೇಕ್‌ಓವರ್ ಗುಂಡಿ ಒತ್ತಿ ಹಿಡಿಯಿರಿ.

ಲೈನ್‌ಗೆ ಹೋದ ಮೇಲೆ

ಸ್ಕಿಲ್ ಟೆಸ್ಟ್ ಮುಗಿದು, ಲೈಸೆನ್ಸ್‌ನಲ್ಲಿ ಹೊಸ ಟೈಪ್ ಸೇರಿದ ಮೇಲೆ ಟ್ರೈನರ್ ಜೊತೆ ಪ್ರಯಾಣಿಕರ ಹಾರಾಟ ಶುರುವಾಗುತ್ತದೆ. ಅಲ್ಲಿ ಮೊದಲ ದಿನವೇ ನಿಮ್ಮ ಪಟ್ಟಿ ತೋರಿಸಿ. ‘ಸರ್, ನಾನು ಎಟಿಆರ್‌ನಿಂದ ಬಂದವನು, ತಡವಾಗಿ ಇಳಿಸಲು ಶುರು ಮಾಡುವ ಅಭ್ಯಾಸ ಇದೆ, ಗಮನಿಸಿ’ ಎಂದು ಹೇಳುವವರನ್ನು ಟ್ರೈನರ್‌ಗಳು ಮೆಚ್ಚುತ್ತಾರೆ. ಅಪ್ರೋಚ್ (ರನ್‌ವೇ ಕಡೆಗೆ ಇಳಿದು ಬರುವುದು) ಸರಿಹೋಗದಿದ್ದರೆ ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ. ಆಗ ಲಿವರ್‌ಗಳನ್ನು ಕೊನೆಯ ಟೋಗಾ (ಪೂರ್ತಿ ಶಕ್ತಿಯ) ಜಾಗದವರೆಗೂ ತಳ್ಳಿ, ಎಫ್‌ಎಂಎ ಓದಿ. ಅರ್ಧಕ್ಕೆ ನಿಲ್ಲಿಸಿದರೆ ಗೋ ಅರೌಂಡ್ ಮೋಡ್ ಬರುವುದೇ ಇಲ್ಲ, ವಿಮಾನ ಇನ್ನೂ ಇಳಿಯುವ ಲೆಕ್ಕದಲ್ಲೇ ಇರುತ್ತದೆ.