ಎಣ್ಣೆಬಣ್ಣ ಬಿರುಕು ಬಿಡದಿರಲು

ಆಯಿಲ್ ಪೇಂಟಿಂಗ್ ಶುರು ಮಾಡಿದವರಿಗೆ ಒಂದು ಮಾತು. ಮೊದಲ ಪದರದಲ್ಲಿ ಎಣ್ಣೆ ಕಡಿಮೆ ಇರಲಿ, ಮೇಲೆ ಹೋದಂತೆ ಜಾಸ್ತಿಯಾಗಲಿ. ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಜಾಸ್ತಿಯಿದ್ದರೆ ನಿಧಾನ. ಅಂಥ ಪದರ ಅಡಿಯಲ್ಲಿದ್ದು ಮೇಲಿನದು ಬೇಗ ಒಣಗಿದರೆ ಬಿರುಕು ಖಂಡಿತ ಅಂತಲೇ ಇಟ್ಟುಕೊಳ್ಳಿ. ನನ್ನ ಒಂದು ಚಿತ್ರದ ಆಕಾಶವೆಲ್ಲ ಹೀಗೇ ಸೀಳಿತು. ತುಂಬಾ ಬೇಜಾರಾಗಿತ್ತು.

ಬಣ್ಣದ ಸ್ವಭಾವವನ್ನೂ ನೋಡಿ. ಬರ್ಂಟ್ ಅಂಬರ್ ಎಂಬ ಕಡುಗಂದು ಬಣ್ಣ ಬೇಗ ಒಣಗುತ್ತದೆ, ಮೊದಲ ಗೆರೆಗಳಿಗೆ ಅದೇ ಒಳ್ಳೆಯದು. ಐವರಿ ಬ್ಲ್ಯಾಕ್ ಎಂಬ ಕಪ್ಪು ತೀರಾ ನಿಧಾನ, ಅಡಿಯ ಪದರದಲ್ಲಿ ದಪ್ಪವಾಗಿ ಬಳಿಯಬೇಡಿ.

ಏನೂ ತೋಚದ ದಿನ ನಾಲ್ಕೇ ಬಣ್ಣ ಇಟ್ಟುಕೊಂಡು ಕೂತುಕೊಳ್ಳಿ: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕೆಂಪು, ಐವರಿ ಬ್ಲ್ಯಾಕ್. ಸ್ವೀಡನ್ನಿನ ಕಲಾವಿದ ಆಂಡರ್ಸ್ ಜಾರ್ನ್ ಹೆಸರಲ್ಲಿ ಇದು ಪ್ರಸಿದ್ಧ. ಕಪ್ಪಿಗೆ ಬಿಳಿ ಬೆರೆಸಿ ಕೆಂಪಿನ ಪಕ್ಕ ಇಡಿ, ನೀಲಿಯಂತೆಯೇ ಕಾಣುತ್ತದೆ! ಓಕರ್ ಬೆರೆತರೆ ಕಪ್ಪು ಹಸಿರಾಗುತ್ತದೆ. ನನಗೆ ಇದರಷ್ಟು ಕಲಿಸಿದ್ದು ಬೇರೆ ಯಾವುದೂ ಇಲ್ಲ.

ಇನ್ನೊಂದು, ಇದು ಮುಖ್ಯ. ಲಿನ್ಸೀಡ್ (ಅಗಸೆ ಬೀಜದ) ಎಣ್ಣೆ ಒರೆಸಿದ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿಡಿ.