ಹೊನೊಲುಲುವಿಗೆ ಬಂದ ಕನ್ನಡಿಗರಿಗೆ: ಅಲೊಹ ಹೇಳುವ ಮುನ್ನ

ಹೊನೊಲುಲುವಿನ ಕಡಲತೀರದ ಬಡಾವಣೆ ವೈಕೀಕೀಯ ಯಾವುದಾದರೂ ಪ್ರವಾಸಿ ಕಾರ್ಯಕ್ರಮಕ್ಕೆ ಹೋದರೆ ನಿರೂಪಕರು ‘ಅಲೋ...ಹಾ’ (ಹವಾಯಿಯ ನಮಸ್ಕಾರ) ಎಂದು ರಾಗ ಎಳೆದು, ನಿಮ್ಮಿಂದಲೂ ಎಳೆಸುತ್ತಾರೆ. ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಸಹಜ ದನಿಯ ‘ಅಲೊಹ’ ಸಾಕು. ಬೆಳಗ್ಗೆ ಅಲೊಹ ಕಕಹಿಅಕ, ಸಂಜೆ ಅಲೊಹ ಅಹಿಅಹಿ. ಎದುರಿಗೆ ಒಬ್ಬರೇ ಇದ್ದರೆ ಅಲೊಹ ಕಾಉಅ, ಸಭೆಗೆ ಅಲೊಹ ಕಾಕೊಉ. ಧನ್ಯವಾದಕ್ಕೆ ಮಹಲೊ, ಹೊರಡುವಾಗ ಅ ಹುಇ ಹೊಉ.

ಉಚ್ಚಾರಣೆ ನಮಗೆ ಕಷ್ಟವಲ್ಲ. ಎ-ಏ, ಒ-ಓ ವ್ಯತ್ಯಾಸ ಹವಾಯಿ ಭಾಷೆಯಲ್ಲೂ ಉಂಟು. ಸ್ವರದ ಮೇಲೆ ಅಡ್ಡಗೆರೆ ಕಂಡರೆ ದೀರ್ಘ. ಕ್ಷಮೆ ಕೇಳಲು ‘ಎ ಕಲ ಮೈ’ ಎನ್ನುತ್ತಾರೆ. ಅದೇ ‘ಕಾಲಾ’ ಎಂದರೆ ದುಡ್ಡು! ತಲೆಕೆಳಗಾದ ಅಲ್ಪವಿರಾಮದಂತಹ ‘ಒಕಿನ’ ಎಂಬ ಚಿಹ್ನೆ ಇದ್ದಲ್ಲಿ ಗಂಟಲಿನಲ್ಲಿ ಉಸಿರನ್ನು ಕ್ಷಣ ತಡೆಯಬೇಕು.

ಕಂಡ ಹವಾಯಿಯವರನ್ನೆಲ್ಲ ‘ಪೆಹೆಅ ಒಎ’ (ಹೇಗಿದ್ದೀರಿ) ಎಂದು ಮಾತಿಗೆ ಎಳೆಯಬೇಡಿ. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವಾಗಿಸಿತು. ಹವಾಯಿ ಭಾಷೆಯಾಡಿದ ಮಕ್ಕಳು ಪೆಟ್ಟು ತಿಂದರು. 1978ರಲ್ಲಿ ಅದು ರಾಜ್ಯದ ಅಧಿಕೃತ ಭಾಷೆಯಾಯಿತು, 1987ರಿಂದ ಸರ್ಕಾರಿ ಶಾಲೆಗಳಲ್ಲಿ ಆ ಮಾಧ್ಯಮದ ತರಗತಿಗಳೂ ಇವೆ. ಆದರೂ ಅಜ್ಜಿಗೆ ಬಾರದ ಭಾಷೆಯನ್ನು ಮೊಮ್ಮಗಳು ಕಲಿಯುತ್ತಿರುವ ಮನೆಗಳು ಇಲ್ಲಿವೆ. ನಿಮ್ಮ ಹುರುಪಿನ ಪ್ರಶ್ನೆ ಅಂಥವರಿಗೆ ಮುಜುಗರ ತರಬಹುದು. ಇನ್ನೊಂದು ಮಾತು: ಇಲ್ಲಿ ‘ಹವಾಯಿಯನ್’ ಎಂದರೆ ಮೂಲನಿವಾಸಿಗಳ ವಂಶದವರು. ಎಷ್ಟು ವರ್ಷ ನೆಲೆಸಿದರೂ ನಾವು ನೀವು ಹವಾಯಿಯನ್ ಆಗುವುದಿಲ್ಲ.

ಪ್ರೀತಿ ಹೇಳಲು ‘ಅಲೊಹ ಔ ಇಆ ಒಎ’ ಇದೆ. ಚಿನ್ನದ ಬಳೆಯ ಮೇಲೆ ಕಪ್ಪು ಎನಾಮಲ್‌ನಲ್ಲಿ ‘ಕುಉಇಪೊ’ ಎಂದು ಕೆತ್ತಿದ್ದು ಕಂಡರೆ ಅದು ಆಕೆಯ ಹೆಸರೆಂದು ತಿಳಿದು ಕೂಗಿಬಿಡಬೇಡಿ. ಅದು ‘ನನ್ನ ನಲ್ಲೆ’ ಎಂಬ ಕರೆ. ಹಿರಿಯರನ್ನು ಆಂಟಿ, ಅಂಕಲ್ ಎನ್ನಿ, ನೆಂಟಸ್ತಿಕೆ ಬೇಕಿಲ್ಲ. ಇದಕ್ಕಾಗಿ ನಮ್ಮವರು ಹೊಸದಾಗಿ ಏನೂ ಕಲಿಯಬೇಕಿಲ್ಲ ಬಿಡಿ.

ಮಾತಿಗಿಂತ ಹೆಚ್ಚಾಗಿ ಇಲ್ಲಿ ಅಕ್ಕರೆ ಹೇಳುವುದು ಲೇ, ಅಂದರೆ ಹೂಮಾಲೆ. ಹುಟ್ಟುಹಬ್ಬ, ಪದವಿ, ಬೀಳ್ಕೊಡುಗೆ, ಎಲ್ಲಕ್ಕೂ ಕೊರಳಿಗೆ ಹಾಕಿ ಕೆನ್ನೆಗೆ ಮುತ್ತು ಕೊಡುತ್ತಾರೆ. ಗಾಬರಿಯಾಗಿ ಹಿಂದೆ ಸರಿಯಬೇಡಿ. ವಧುವಿನ ಕೊರಳಿನ ಪೀಕಕೆ ನಮ್ಮ ದುಂಡುಮಲ್ಲಿಗೆಯೇ. ಮಲ್ಲಿಗೆಯನ್ನೂ ನವಿಲುಗಳನ್ನೂ ಮೆಚ್ಚುತ್ತಿದ್ದ ರಾಜಕುಮಾರಿ ಕಇಉಲನಿಯ ನೆಪದಲ್ಲಿ ಹೂವಿಗೆ ನವಿಲಿನ ಹೆಸರು ಬಂತು. ಮುಡಿಗೆ ಮಾತ್ರ ಮಲ್ಲಿಗೆ ಎಂದುಕೊಂಡಿದ್ದವರಿಗೆ ಎಳೆ ಎಳೆಯಾಗಿ ಎದೆಯ ಮೇಲೆ ಇಳಿಬಿಟ್ಟ ಈ ಮಾಲೆ ಹೊಸ ಸೊಗಸು. ಕೊಟ್ಟವರ ಎದುರೇ ಅದನ್ನು ತೆಗೆಯಬಾರದು. ಬಾಡಿದ ಮೇಲೆ ಕಸದ ಬುಟ್ಟಿಗೂ ಹಾಕಬಾರದು, ದಾರ ಬಿಡಿಸಿ ಹೂವನ್ನು ಮಣ್ಣಿಗೆ ಸೇರಿಸಬೇಕು.

ಬಸುರಿಯರಿಗೆ ತುದಿ ಕಟ್ಟಿದ ಲೇ ಹಾಕುವುದಿಲ್ಲ. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತೀತೆಂಬ ನಂಬಿಕೆ. ಬಾಣಂತನಕ್ಕೆ ಊರಿನಿಂದ ಅಮ್ಮ ಬಂದಿದ್ದರೆ, ಸೀಮಂತಕ್ಕೆ ಹೂ ತರುವ ಮೊದಲೇ ತಿಳಿಸಿಬಿಡಿ; ತುದಿ ತೆರೆದ ಲೇ ಬೇಕೆಂದು ಕೇಳಿದರೆ ಹೂವಿನಂಗಡಿಯವರಿಗೆ ತಕ್ಷಣ ಅರ್ಥವಾಗುತ್ತದೆ.