ನಿತ್ಯಪುಷ್ಪದ ಹೂ ಸೀಳಿ ನೋಡಿದ ಮೇಲೆ

ಔಷಧಿ ಗಿಡಗಳ ತಳಿ ಸುಧಾರಣೆ ಅಂದ್ರೆ ಎಲ್ಲರೂ ಎಲೆ, ಬೇರು, ಅದರೊಳಗಿನ ಸತ್ವದ ಬಗ್ಗೆ ಮಾತಾಡುತ್ತಾರೆ. ನಾನು ಶುರು ಮಾಡುವುದು ಹೂವಿನಿಂದ. ಅಡ್ಡತಳಿ ಹುಟ್ಟುವುದು ಅಲ್ಲೇ ಅಲ್ವಾ?

ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಬರುವುದು ನಿತ್ಯಪುಷ್ಪದಿಂದ. ಸತ್ವ ಜಾಸ್ತಿ ಇರುವ ಗಿಡವನ್ನು ಹುಲುಸಾಗಿ ಬೆಳೆಯುವ ಗಿಡದ ಜೊತೆ ಕೂಡಿಸಬೇಕಿತ್ತು. ಹೂವಿನ ಕೊಳವೆಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಲೆನ್ಸ್ ಹಿಡಿದೆ. ಐದು ಪರಾಗಕೋಶಗಳು ಕೊಳವೆಯ ಬಾಯಿ ಹತ್ತಿರ ಒಳಗೋಡೆಗೆ ಅಂಟಿಕೊಂಡಿದ್ದವು. ಅವುಗಳ ಕೆಳಗೇ ಶಲಾಕಾಗ್ರದ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ತುದಿಯ, ದಪ್ಪ ತಲೆ. ಪರಾಗ ಉದುರುವುದು ಅದರ ನೆತ್ತಿ ಮೇಲೆ. ಆದರೆ ಪರಾಗ ಮೊಳೆಯುವ ಜಾಗ ಇರುವುದು ತಲೆಯ ಕೆಳ ಅಂಚಿನಲ್ಲಿ! ಚಿಟ್ಟೆ ಮಕರಂದ ಹೀರಿ ನಾಲಿಗೆ ಹೊರಗೆಳೆಯುವಾಗ ಅದಕ್ಕಂಟಿದ ಪರಾಗ ಈ ಅಂಚಿಗೆ ತಾಗುತ್ತದೆ.

ಇದು ತಿಳಿದ ಮೇಲೆ ಕೆಲಸ ಸಲೀಸಾಯಿತು. ಪರಾಗಕೋಶ ಒಡೆಯುವ ಮುಂಚೆ, ಮೊಗ್ಗಿನಲ್ಲೇ ಕೊಳವೆಯನ್ನು ಚಿಮಟದಿಂದ ಮೆಲ್ಲಗೆ ಎಳೆಯುತ್ತೇನೆ. ಕೇಸರಗಳೂ, ಅಂದರೆ ಪರಾಗಕೋಶ ಹೊತ್ತ ಗಂಡು ಭಾಗಗಳೂ, ಅದರ ಜೊತೆ ಬಂದುಬಿಡುತ್ತವೆ. ಆಮೇಲೆ ಬೇರೆ ಗಿಡದ ಪರಾಗವನ್ನು ಸೂಜಿ ಮೊನೆಯಲ್ಲಿ ತೆಗೆದು ಕೆಳ ಅಂಚಿಗೇ ಹಚ್ಚುತ್ತೇನೆ. ನೆತ್ತಿಗೆ ಎಷ್ಟು ಸವರಿದರೂ ಸುಮ್ನೆ ದಂಡ.

ಶಲಾಕಾಗ್ರ ಹದಕ್ಕೆ ಬಂದಿದೆಯಾ ಎಂದು ನೋಡಲು ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಡುವುದುಂಟು. ಗುಳ್ಳೆ ಎದ್ದರೆ ಸರಿ ಅನ್ನುತ್ತಾರೆ. ಗಾಯವಾದ ಜಾಗದಲ್ಲೂ ಗುಳ್ಳೆ ಬರುತ್ತದೆ, ಹಾಗಾಗಿ ನಾನು ಅದೊಂದನ್ನೇ ನಂಬುವುದಿಲ್ಲ. ಬೇರೆ ಬೇರೆ ವಯಸ್ಸಿನ ಹೂಗಳಿಗೆ ಪರಾಗ ಹಚ್ಚಿ, ಯಾವುದರಲ್ಲಿ ಕಾಳು ಕಟ್ಟಿತು ಎಂದು ನೋಡುತ್ತೇನೆ. ತಡವಾಗುತ್ತದೆ, ಆದರೆ ಅನುಮಾನ ಉಳಿಯುವುದಿಲ್ಲ.

ನೆಲಬೇವಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಚಿಕ್ಕ ಹೂ, ಎರಡೇ ಕೇಸರ, ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೂ ಅರಳುವವರೆಗೆ ಕಾದರೆ ಕೈ ಜಾರಿದ ಹಾಗೆ. ಹಿಂದಿನ ದಿನವೇ ಮೊಗ್ಗು ಬಿಡಿಸಿ ಎರಡೂ ಕೇಸರ ಕೀಳಬೇಕು. ಕೈ ಸ್ವಲ್ಪ ನಡುಗಿದರೂ ಶಲಾಕಾಗ್ರವನ್ನು ಹೊತ್ತ ಸಣ್ಣ ದಂಟು, ಶಲಾಕೆ, ಮುರಿಯುತ್ತದೆ.

ಇಸಬ್ಗೋಲಿನದ್ದು ಇನ್ನೊಂದು ಕಥೆ. ತೆನೆಯಲ್ಲಿ ಶಲಾಕಾಗ್ರ ಮೊದಲು ಹೊರಗೆ ಬರುತ್ತದೆ, ಪರಾಗಕೋಶ ಆಮೇಲೆ. ಪರಾಗ ಗಾಳಿಯಲ್ಲಿ ಹಾರುತ್ತದೆ. ಅಲ್ಲಿ ಚಿಮಟಕ್ಕಿಂತ, ಬೇಡದ ಪರಾಗ ತಾಗದಂತೆ ತೆನೆಗೆ ಸಮಯಕ್ಕೆ ಸರಿಯಾಗಿ ಹಾಕುವ ಚೀಲವೇ ಮುಖ್ಯ. ಎರಡು ತಳಿಗಳನ್ನು ಅಕ್ಕಪಕ್ಕ ಬಿತ್ತಿ ಬೀಜ ಬೆರಕೆಯಾಯಿತು ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ತೆನೆಯನ್ನೇ.